ಬೆಳೆಯುವುದನ್ನು ಬಿಟ್ಟ ಲೆಕ್ಕ

ಚೊಗರಿನ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಅಡಿಕೆ ಬೇಯಿಸಿ ಉಳಿದ ಆ ಕೆಂಪು ನೀರಿನ ಒಗರು ವಾಸನೆಗೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಹಸಿವಾಗುವವರು ಬೇರೆ ಯಾರೂ ಇರಲಿಕ್ಕಿಲ್ಲ. ಹೋದ ವರ್ಷ ಜಗಳೂರಿನಿಂದ ಶಿವಮೊಗ್ಗಕ್ಕೆ ಹೊರಟವನು ಚನ್ನಗಿರಿಯಲ್ಲಿ ಬಸ್ಸು ಬದಲಿಸಲು ಇಳಿದೆ. ಮಳೆ ಹಿಂದೆಗೆದ ದಿನಗಳು. ಪೇಟೆಯ ಕಡೆಯಿಂದ ಗಾಳಿ ಬೀಸಿತು, ಜೊತೆಗೆ ಚೊಗರಿನ ವಾಸನೆ ಬಂತು, ಹೊಟ್ಟೆ ಚುರುಗುಟ್ಟಿತು. ದಾವಣಗೆರೆಯಲ್ಲಿ ಆಗಷ್ಟೇ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದಿದ್ದೆ. ಹಸಿವಿಗೆ ಕಾರಣ ಹೊಟ್ಟೆಯಲ್ಲಿರಲಿಲ್ಲ, 1982ರಲ್ಲಿತ್ತು.

ಆ ವರ್ಷ ನಾನು ಚನ್ನಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ಮಳೆ ಬಂದರೆ ಜೋಳ, ಬರದಿದ್ದರೆ ಕುರಿ. ಚನ್ನಗಿರಿಯಲ್ಲಿ ನನ್ನ ಸೋದರಮಾವ ಹಾಲೇಶಪ್ಪನವರ ಮನೆಯಿತ್ತು. ಮಾವ, ಅತ್ತೆ ಇಬ್ಬರೇ. ಮಕ್ಕಳಿರಲಿಲ್ಲ. ಹೊನ್ನಾಳಿಯ ಹೊಳೆದಂಡೆಯಿಂದ ಮೂವತ್ತು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಬಂದ ಮಾವ ಒಂದು ಅಡಿಕೆ ಮಂಡಿಯಲ್ಲಿ ಚಾಪೆಯ ಮೇಲೆ ಕೂತವರು ಅಲ್ಲೇ ಕೂತಿದ್ದರು. ನನಗೆ ಕೆಲಸ ಸಿಕ್ಕ ದಿನ, ಬೇರೆ ಬಾಡಿಗೆ ರೂಮು ನೋಡುತ್ತೇನೆ ಅಂದಿದ್ದಕ್ಕೆ ಅತ್ತೆ ನನ್ನ ಟ್ರಂಕನ್ನು ತಾವೇ ಎತ್ತಿಕೊಂಡು ಒಳಗೆ ಇಟ್ಟರು. ಆ ವಿಷಯದಲ್ಲಿ ಮತ್ತೆ ಮಾತಾಗಲಿಲ್ಲ.

ಮಾವನ ಕೆಲಸ ಅಡಿಕೆಯ ಗುಣ ಹೇಳುವುದು. ಚೀಲದ ಬಾಯಿ ಬಿಚ್ಚುತ್ತಿದ್ದಂತೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಅಂಗೈ ಮೇಲೆ ಆಡಿಸಿ, ಒಂದನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಗೆರೆ ನೋಡಿ, ಒಂದು ಚೂರು ಬಾಯಿಗೆ ಹಾಕಿ ಕಚ್ಚುತ್ತಿದ್ದರು. ಆಮೇಲೆ ಒಂದೇ ಮಾತಿನಲ್ಲಿ ದರ್ಜೆ: ರಾಶಿ, ಬೆಟ್ಟೆ, ಇಲ್ಲವೇ ಗೊರಬಲು. ಹೊರಗಿನ ಖರೀದಿದಾರರು ತಮ್ಮದೇ ಗುಣಗಾರರನ್ನು ಕರೆತರುತ್ತಿದ್ದರು. ಅವರೂ ಕಚ್ಚುತ್ತಿದ್ದರು, ಅವರೂ ಹೇಳುತ್ತಿದ್ದರು. ಇಬ್ಬರ ಮಾತು ಬೇರೆಯಾದರೆ ಮಂಡಿಯ ಒಳಗಿನವನ ಮಾತೇ ಕೊನೆ. ಮಾವ ಹೇಳಿದ ಮೇಲೆ ಚೀಲ ಹೊಲಿಯುತ್ತಿದ್ದರು. ಹೊಲಿದ ಚೀಲವನ್ನು ಮತ್ತೆ ಬಿಚ್ಚಿಸಿ ಇನ್ನೊಬ್ಬರಿಗೆ ತೋರಿಸುವುದು ಆ ಪೇಟೆಯಲ್ಲಿ ಮುಖಕ್ಕೆ ಹೊಡೆದಷ್ಟೇ ದೊಡ್ಡ ಅವಮಾನ. ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಚೂರು ಕಚ್ಚುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಉಗುಳುವುದನ್ನು ಅವರು ನಾಜೂಕಿಲ್ಲದ ಕೆಲಸ ಎಂದುಕೊಂಡಿದ್ದರು. ಚೂರು ಎಡಗೆನ್ನೆಯಲ್ಲೇ ಉಳಿಯುತ್ತಿತ್ತು.

ಇನ್ನು ನನ್ನ ಕೆಲಸ. ಪಾಠ ಮಾಡುವುದರ ಜೊತೆಗೆ ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ವಿಕಿರಣ ಬಿದ್ದಾಗ ಜೀವಕೋಶದೊಳಗಿನ ಡಿಎನ್‌ಎ ಹೇಗೆ ತುಂಡಾಗುತ್ತದೆ, ಆ ತುಂಡನ್ನು ಕೋಶ ತಾನೇ ಹೇಗೆ ಕೂಡಿಸಿಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವುದು ವಿಷಯ. ಚನ್ನಗಿರಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಂಪ್ಯೂಟರ್ ನೋಡಿದವನು ಇಡೀ ಊರಿಗೆ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ, ನಾನೂ ಎರಡು ಸಲ ಗಾಜಿನ ಆಚೆಯಿಂದ ನೋಡಿದ್ದು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನನ್ನ ಎಂ.ಎಸ್ಸಿ. ಸಹಪಾಠಿ ಶ್ರೀನಿವಾಸ ಕೆಲಸಕ್ಕಿದ್ದ. ನಾನು ಇಲ್ಲಿ ಚೌಕುಳಿ ಹಾಳೆಯಲ್ಲಿ ಪ್ರೋಗ್ರಾಂ ಬರೆದು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆ. ಅವನು ಒಂದು ಸಾಲಿಗೆ ಒಂದು ಕಾರ್ಡಿನಂತೆ ತೂತು ಹೊಡೆಸಿ, ಯಂತ್ರಕ್ಕೆ ಉಣಿಸಿ, ಬಂದ ಉತ್ತರವನ್ನು ಅದೇ ಕಂಡಕ್ಟರ್ ಕೈಲಿ ವಾಪಸ್ ಕಳಿಸುತ್ತಿದ್ದ. ಒಂದು ಅಲ್ಪವಿರಾಮ ತಪ್ಪಿದರೆ ಒಂದು ವಾರ ಹೋಯಿತು. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ, ಎರಡು ಅಂಚಿಗೂ ತೂತಿದ್ದ ಆ ಉದ್ದನೆ ಕಾಗದವನ್ನು ಬಸ್ ನಿಲ್ದಾಣದಿಂದ ಹೊತ್ತು ತರುವಾಗ ಪೇಟೆಯವರು ಎದ್ದು ನಿಂತು ನೋಡುತ್ತಿದ್ದರು. ನನಗೆ ಕಂಪ್ಯೂಟರ್ ಮೇಷ್ಟ್ರು ಎಂಬ ಹೆಸರು ಬಿತ್ತು. ಬೇಡವೆಂದು ನಾನೇನೂ ಹೇಳಲಿಲ್ಲ.

ಲೆಕ್ಕ ಹೀಗಿತ್ತು. ಡಿಎನ್‌ಎ ಎರಡು ಎಳೆಯ ಹುರಿ. ವಿಕಿರಣಕ್ಕೆ ಒಂದು ಎಳೆ ಕಡಿದರೆ ಕೋಶ ಇನ್ನೊಂದು ಎಳೆಯನ್ನು ನೋಡಿಕೊಂಡು ಅದನ್ನು ಸರಿಮಾಡುತ್ತದೆ. ಎರಡೂ ಒಂದೇ ಕಡೆ ಕಡಿದರೆ ನೋಡಿಕೊಳ್ಳಲು ಏನೂ ಉಳಿಯುವುದಿಲ್ಲ. ಆಗ ಯಾವ ತುದಿಯನ್ನೋ ಯಾವ ತುದಿಗೋ ಕಟ್ಟಿಬಿಡುತ್ತದೆ. ಹಾಗೆ ತಪ್ಪಿ ಕಟ್ಟಿಕೊಂಡ ಕೋಶ ಮುಂದೆ ಬದುಕುವುದಿಲ್ಲ. ಹೊಡೆತಗಳನ್ನು ಬಿಟ್ಟು ಬಿಟ್ಟು ಕೊಟ್ಟರೆ ನಡುವಿನ ಬಿಡುವಿನಲ್ಲಿ ಕೋಶ ಸುಧಾರಿಸಿಕೊಳ್ಳುತ್ತದೆ. ಎಷ್ಟು ಹೊತ್ತಿನಲ್ಲಿ ಎಷ್ಟು ಸುಧಾರಿಸಿಕೊಳ್ಳುತ್ತದೆ ಎಂಬುದೇ ನನ್ನ ಪ್ರೋಗ್ರಾಂ ಹೇಳಬೇಕಾದದ್ದು. ಅದನ್ನು ನಾನು ತಾಳೆ ನೋಡುತ್ತಿದ್ದದ್ದು ಪ್ರಯೋಗಶಾಲೆಯಲ್ಲಿ ಉಪವಾಸ ಕೆಡವಿದ ಯೀಸ್ಟ್ ಕೋಶಗಳ ಜೊತೆ. ಆಹಾರ ಹಾಕದಿದ್ದರೆ ಅವು ಒಡೆದು ಎರಡಾಗುವುದಿಲ್ಲ, ಸುಮ್ಮನೆ ಕೂತು ಗಾಯ ವಾಸಿಮಾಡಿಕೊಳ್ಳುತ್ತವೆ. ಹಾಗಾಗಿ ಪ್ರೋಗ್ರಾಮಿನ ಮೊದಲ ಕಾರ್ಡುಗಳಲ್ಲೇ ನಾನೊಂದು ಸಾಲು ಬರೆದಿದ್ದೆ: ಕೋಶಗಳು ಬೆಳೆಯುವುದಿಲ್ಲ ಎಂದು ಇಟ್ಟುಕೊಂಡಿದೆ. ಎರಡು ವರ್ಷ ಆ ಸಾಲನ್ನು ದಿನಾ ನೋಡಿದ್ದೇನೆ. ದಿನಾ ನೋಡುವುದನ್ನು ಕಣ್ಣು ಓದುವುದಿಲ್ಲ.

ಆಷಾಢದಲ್ಲಿ ಮಾವ ಖಾರ ತಿನ್ನುವುದನ್ನು ಬಿಟ್ಟರು. ಅತ್ತೆಯ ಪಲ್ಯಕ್ಕೆ ಹೆಸರಿಟ್ಟಿದ್ದೇ ಇಲ್ಲದ ಮನುಷ್ಯ, “ಮೆಣಸಿನಕಾಯಿ ಈಸಲ ಭಾಳ ಜೋರು ಐತೆ” ಎಂದು ಅನ್ನಕ್ಕೆ ಮಜ್ಜಿಗೆ ಕಲೆಸಿಕೊಂಡರು. ಶ್ರಾವಣದ ಹೊತ್ತಿಗೆ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಎಡಗೆನ್ನೆಯ ಒಳಗೆ ಹುಣ್ಣು. ದಾವಣಗೆರೆಯಲ್ಲಿ ತೋರಿಸಿದೆವು, ಅವರು ಬೆಂಗಳೂರಿಗೆ ಬರೆದುಕೊಟ್ಟರು. ನಾನೇ ಕರೆದುಕೊಂಡು ಹೋದೆ. ಚೂರು ಕತ್ತರಿಸಿ ಪರೀಕ್ಷೆ ಮಾಡಿದ ದೊಡ್ಡ ಆಸ್ಪತ್ರೆಯ ಡಾಕ್ಟರು ನನ್ನನ್ನು ಒಬ್ಬನನ್ನೇ ಕರೆದು ಹೇಳಿದರು: ಕ್ಯಾನ್ಸರು, ಆದರೆ ಹೊತ್ತು ಮೀರಿಲ್ಲ, ಮೂವತ್ತು ಸಲ ವಿಕಿರಣ ಕೊಟ್ಟರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಶಾಂತ ಸ್ವಭಾವದ, ಕನ್ನಡವನ್ನು ನಿಧಾನವಾಗಿ ಮಾತಾಡುವ ಮನುಷ್ಯ. ನಾನು ಏನು ಓದುತ್ತಿದ್ದೇನೆ ಎಂದು ಕೇಳಿದರು, ಹೇಳಿದೆ. “ಹಾಗಾದರೆ ನಿಮಗೆ ನಾನು ವಿವರಿಸಬೇಕಾಗಿಲ್ಲ” ಎಂದರು. ಆ ಮಾತು ನನಗೆ ಬಹಳ ಇಷ್ಟವಾಯಿತು. ಮಾವನಿಗೆ ಕ್ಯಾನ್ಸರೆಂದು ತಿಳಿದ ದಿನ ನನಗೆ ಖುಷಿಯಾದ ಒಂದು ಸಂಗತಿಯೂ ಇತ್ತೆಂದು ಒಪ್ಪಿಕೊಳ್ಳುವುದು ಸುಲಭವಲ್ಲ, ಆದರೆ ಇತ್ತು.

ನಮ್ಮ ಕಡೆ ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ಕೆನ್ನೆಯ ಮೇಲೆ ನೇರಳೆ ಶಾಯಿಯಲ್ಲಿ ಚೌಕ ಬರೆದು, ತೊಳೆಯಬೇಡಿ ಎಂದು ಹೇಳಿ, ದಿನಾ ಒಂದೆರಡು ನಿಮಿಷ ಯಂತ್ರದ ಕೆಳಗೆ ಮಲಗಿಸುತ್ತಿದ್ದರು. ಮಾವ ಆಸ್ಪತ್ರೆಯ ಹತ್ತಿರದ ಧರ್ಮಛತ್ರದಲ್ಲಿ ಒಬ್ಬರೇ ಉಳಿದರು. ವಾರಕ್ಕೊಮ್ಮೆ ನಾನು ಗಂಜಿಹಿಟ್ಟು, ಪಂಚೆ ತೆಗೆದುಕೊಂಡು ಹೋಗಿಬರುತ್ತಿದ್ದೆ. ಒಮ್ಮೆ ಕೇಳಿದರು:

“ದಿನಾ ಇಷ್ಟಿಷ್ಟೇ ಯಾಕೆ ಕೊಡ್ತಾರಪ್ಪ? ಎಲ್ಲಾ ಒಂದೇ ಸಲಕ್ಕೆ ಕೊಟ್ಟು ಕಳಿಸಾಕೆ ಆಗಾದಿಲ್ವಾ?”

ಹುರಿ, ಎಳೆ, ಕಡಿಯುವುದು, ಕೂಡುವುದು ಎಲ್ಲ ಹೇಳಿದೆ. ಒಳ್ಳೆಯ ಕೋಶಗಳು ಬಿಡುವಿನಲ್ಲಿ ಚೆನ್ನಾಗಿ ಸುಧಾರಿಸಿಕೊಳ್ಳುತ್ತವೆ, ಕೆಟ್ಟವು ಅಷ್ಟು ಚೆನ್ನಾಗಿ ಸುಧಾರಿಸಿಕೊಳ್ಳುವುದಿಲ್ಲ, ಆ ವ್ಯತ್ಯಾಸವೇ ಔಷಧಿ ಎಂದೆ. ಮಾವ ಕಣ್ಣು ಕಿರಿದು ಮಾಡಿಕೊಂಡು, ಚೀಲದ ತಳದಿಂದ ತೆಗೆದ ಹಿಡಿಯನ್ನು ನೋಡುವಂತೆ ನನ್ನನ್ನು ನೋಡಿದರು.

“ಇದನ್ನೇ ನೀನು ಕಾಗದದಾಗೆ ಲೆಕ್ಕ ಮಾಡೋದು?”

“ಇದನ್ನೇ ಮಾವ.”

“ಮತ್ತೆ ಇಷ್ಟು ದಿನ ಹೇಳ್ಲೇ ಇಲ್ಲಲ್ಲೋ. ನಾನು ಏನೋ ಗ್ರಹಣದ್ದು ಇರಬೇಕು ಅನ್ಕೊಂಡಿದ್ದೆ.”

ಹದಿನಾಲ್ಕು ಸಲ ಆಗುವಷ್ಟರಲ್ಲಿ ದಸರಾ ಬಂತು. ಆಯುಧಪೂಜೆ, ವಿಜಯದಶಮಿ, ಮುಂದೆ ವಾರಾಂತ್ಯದ ರಜೆ, ಎಲ್ಲ ಸೇರಿ ನಾಲ್ಕು ದಿನ ಯಂತ್ರ ನಿಂತಿತು. ಮಾವ ಬಸ್ಸು ಹತ್ತಿ ಚನ್ನಗಿರಿಗೆ ಬಂದರು. ಕೆನ್ನೆಯ ಚರ್ಮ ಸುಟ್ಟು ಕಪ್ಪಾಗಿತ್ತು, ಎಡಗಡೆಯ ಮೀಸೆ ಉದುರಿತ್ತು. ಆದರೆ ಬಾಯಿ ಮೂರು ಬೆರಳು ತೆರೆಯುತ್ತಿತ್ತು. ಹುಣ್ಣು ಅರ್ಧಕ್ಕೆ ಇಳಿದಿತ್ತು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದರು.

“ಮಿಷನ್ನಿಗೂ ಆಯುಧಪೂಜೆ ಮಾಡಿದ್ರು” ಎಂದು ಮಾವ ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡರು. “ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿ, ಬಾಗಿಲಾಗೆ ಕುಂಬಳಕಾಯಿ ಒಡೆದ್ರು. ಡಾಕ್ಟ್ರೇ ಊದುಬತ್ತಿ ಹಚ್ಚಿದ್ರು.”

ಆಗ ಸುಗ್ಗಿ ಏರುತ್ತಿತ್ತು. ಓಣಿ ಓಣಿಯಲ್ಲಿ ಹಂಡೆಗಳು ಕುದಿಯುತ್ತಿದ್ದವು, ಅಂಗಳ, ಮಾಳಿಗೆ, ರಸ್ತೆಯ ಅಂಚು ಎಲ್ಲೆಡೆ ಅಡಿಕೆ ಒಣಹಾಕಿದ್ದರು. ಸಂಜೆ ಸಂಜೆಗೆ ಮೋಡ ಕಟ್ಟಿ ಜನರೆಲ್ಲ ಅಡಿಕೆ ಮುಚ್ಚಲು ಗೋಣಿತಾಟು ಹಿಡಿದು ಓಡುತ್ತಿದ್ದರು. ಮಾವ ಮಂಡಿಗೆ ಮುಖ ತೋರಿಸಿ ಬರುತ್ತೇನೆಂದು ಹೋದವರು ಮಧ್ಯಾಹ್ನ ತಿರುಗಿ ಬಂದು ಊಟ ಬೇಡವೆಂದರು. ಅವರ ಚಾಪೆಯ ಮೇಲೆ ನ್ಯಾಮತಿಯ ಒಬ್ಬನನ್ನು ಕೂರಿಸಿದ್ದರು. ಪ್ರಾಯದವನು, ಕೈ ಚುರುಕು. ಸಾಹುಕಾರರು ಮಾವನನ್ನು ಬಹಳ ಮರ್ಯಾದೆಯಿಂದ ಕೂರಿಸಿ, ಎಳನೀರು ಕೊಡಿಸಿ, ದೀಪಾವಳಿ ಒಳಗೆ ಬಂದು ಕೂತರೆ ಚಾಪೆ ನಿಮ್ಮದು, ಸುಗ್ಗಿ ಪೂರ್ತಿ ಅವನು ಕೂತರೆ ಆಮೇಲೆ ಎಬ್ಬಿಸುವುದು ನನಗೂ ಕಷ್ಟ ಎಂದಿದ್ದರು. ಮಾವ ಸಾಯುವುದಕ್ಕೆ ಅಷ್ಟೇನೂ ಹೆದರುತ್ತಿರಲಿಲ್ಲ. ಚಾಪೆ ಹೋಗುವುದಕ್ಕೆ ಹೆದರಿದರು. ಮೂವತ್ತು ವರ್ಷ ಒಂದು ಪೇಟೆಯ ಕೊನೆಯ ಮಾತಾಗಿದ್ದ ಮನುಷ್ಯನಿಗೆ ಅದು ಸಹಜವೆಂದು ಈಗ ಅರ್ಥವಾಗುತ್ತದೆ.

ಆ ಸಂಜೆ ಜಗುಲಿಯಲ್ಲಿ ನನ್ನ ಪಕ್ಕ ಬಂದು ಕೂತರು.

“ನಾಗರಾಜ, ನಾಕು ದಿನ ಬಿಟ್ರೆ ನಡೀತೈತೆ ಅಂದಮ್ಯಾಲೆ ಹದಿನೆಂಟು ದಿನ ಬಿಟ್ರೆ ಏನಾಗ್ತೈತೆ?”

“ಅದನ್ನ ಡಾಕ್ಟ್ರನ್ನ ಕೇಳಬೇಕು ಮಾವ.”

“ಅವರನ್ನ ಬಿಡು. ನಿನ್ನ ಲೆಕ್ಕ ಏನಂತೈತೆ?”

ಎರಡು ವರ್ಷದಲ್ಲಿ ಒಬ್ಬರಾದರೂ ನನ್ನ ಪ್ರೋಗ್ರಾಮಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಗೈಡು ಎಷ್ಟು ಪುಟವಾಯಿತು ಎಂದು ಕೇಳುತ್ತಿದ್ದರು, ಪ್ರಿನ್ಸಿಪಾಲರು ಸಂಬಳ ಹೆಚ್ಚಾಗುತ್ತದಾ ಎಂದು ಕೇಳುತ್ತಿದ್ದರು. ಇವರು ಕೇಳಿದ್ದು ನಿಜವಾದ ಪ್ರಶ್ನೆ, ಪ್ರೋಗ್ರಾಂ ಉತ್ತರ ಕೊಡಬಲ್ಲ ಪ್ರಶ್ನೆ. ನಡುವಿನ ಬಿಡುವನ್ನು ಒಂದು ದಿನದಿಂದ ಹದಿನೆಂಟಕ್ಕೆ ಬದಲಿಸಿದರೆ ಆಯಿತು. ಎರಡೇ ಕಾರ್ಡಿನ ಕೆಲಸ. ಮರುದಿನ ಬೆಳಗಿನ ಬಸ್ಸಿಗೆ ಹಾಳೆ ಕೊಟ್ಟೆ. ತುರ್ತು ಎಂದು ಶ್ರೀನಿವಾಸನಿಗೆ ಚೀಟಿಯನ್ನೂ ಬರೆದೆ.

ಉತ್ತರ ಬರುವವರೆಗೆ ಮಾವ ಮಂಡಿಗೆ ಹೋಗಿ ಚಾಪೆಯ ಮೇಲೆ ಕೂತರು. ಬಾಯಿಗೆ ಹಾಕಿಕೊಳ್ಳದೆ, ಬರೀ ಕಣ್ಣಲ್ಲಿ ಗುಣ ಹೇಳಿದರು. ನ್ಯಾಮತಿಯವನು ಪಕ್ಕದಲ್ಲಿ ಕೂತು ಒಂದೊಂದನ್ನೂ ಕಚ್ಚಿ ನೋಡುತ್ತಿದ್ದ, ಒಂದೂ ತಪ್ಪಿರಲಿಲ್ಲವೆಂದು ಅವನೇ ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿದ. ಆ ದಿನಗಳಲ್ಲಿ ಮನೆಯಲ್ಲಿ ಒಂದು ಹಬ್ಬದ ಕಳೆಯಿತ್ತು. ಮಾವನಿಗಾಗಿ ಅತ್ತೆ ಮೆತ್ತಗೆ ಬೇಯಿಸಿದ ಅವರೆಕಾಳಿನ ಸಾರು, ರಾಗಿ ಅಂಬಲಿ ಮಾಡುತ್ತಿದ್ದರು. ಬೀದಿಯ ಹಂಡೆಗಳ ಚೊಗರಿನ ವಾಸನೆಯ ನಡುವೆ ಮೂವರೂ ಜಗುಲಿಯಲ್ಲೇ ಕೂತು ಉಣ್ಣುತ್ತಿದ್ದೆವು. ನಾನು ಅಷ್ಟು ಚೆನ್ನಾಗಿ ಮತ್ತೆಂದೂ ಉಂಡಿಲ್ಲ.

ರಜೆ ಮುಗಿದು ಮೂರನೆಯ ದಿನ ಕಂಡಕ್ಟರ್ ಕಾಗದ ತಂದುಕೊಟ್ಟ. ಬಸ್ ನಿಲ್ದಾಣದಲ್ಲೇ ಬಿಚ್ಚಿ ನೋಡಿದೆ. ಒಂದು ದಿನದ ಬಿಡುವಿನ ಸಾಲಿನಲ್ಲಿ ಉಳಿಯುವ ಕೋಶಗಳ ಸಂಖ್ಯೆ, ಹದಿನೆಂಟು ದಿನದ ಸಾಲಿನಲ್ಲೂ ಅದೇ ಸಂಖ್ಯೆ. ದಶಮಾಂಶದ ಎಷ್ಟನೆಯ ಸ್ಥಾನದವರೆಗೆ ನೋಡಿದರೂ ಅದೇ. ಅದು ತಪ್ಪು ಲೆಕ್ಕವಲ್ಲ. ಗಾಯ ಒಂದು ದಿನದೊಳಗೆ ಪೂರ್ತಿ ಕೂಡಿಕೊಳ್ಳುತ್ತದೆ ಎಂದಾದರೆ ಎರಡನೆಯ ದಿನ, ಹದಿನೆಂಟನೆಯ ದಿನ ಕೂಡಿಕೊಳ್ಳಲು ಏನೂ ಉಳಿದಿರುವುದಿಲ್ಲ. ನನ್ನ ಪ್ರೋಗ್ರಾಂ ತನಗೆ ಗೊತ್ತಿದ್ದನ್ನು ಪ್ರಾಮಾಣಿಕವಾಗಿ ಹೇಳಿತ್ತು.

ಮನೆಗೆ ಬಂದು ಕಾಗದವನ್ನು ಜಗುಲಿಯ ಉದ್ದಕ್ಕೂ ಹಾಸಿದೆ. ಮಾವ ಪಂಚೆ ಎತ್ತಿ ಕಟ್ಟಿ, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಎರಡು ಸಂಖ್ಯೆಯನ್ನೂ ಬೆರಳಿಟ್ಟು ತೋರಿಸಿದೆ.

“ಎರಡೂ ಒಂದೇ ಐತೆ” ಎಂದರು ಮಾವ.

“ಒಂದೇ ಐತೆ. ಲೆಕ್ಕದ ಪ್ರಕಾರ ವ್ಯತ್ಯಾಸ ಇಲ್ಲ ಮಾವ. ಆದ್ರೂ ಡಾಕ್ಟ್ರಿಗೆ ಒಂದು ಟ್ರಂಕ್ ಕಾಲ್ ಮಾಡಿ ಕೇಳಿಬಿಡಾಣ.”

ಮಾವ ಸ್ವಲ್ಪ ಗಂಭೀರವಾದರು. “ಬ್ಯಾಡ. ಮನೆಯವನು ನೋಡಿ ಹೇಳಿದ ಮ್ಯಾಲೆ ಮತ್ತೆ ಹೊರಗಿನವರ ಮುಂದೆ ಬಿಚ್ಚಾದು ಏನೈತೆ? ನಿನಗೂ ಅದು ಮರ್ಯಾದಿ ಅಲ್ಲ.”

ಇಷ್ಟೇ. ಅವರು ಕಾಗದವನ್ನು ಮಡಿಕೆಗೆ ಸರಿಯಾಗಿ ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಅಂಚೆ ಕಚೇರಿ ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ನಾನು ಹೋಗಬಹುದಿತ್ತು. ನನ್ನ ಮರ್ಯಾದೆಯ ಪ್ರಶ್ನೆಯನ್ನು ಅವರು ಎತ್ತಿದ್ದು ನನಗೆ ಹಿತವಾಗಿತ್ತು, ಹಾಗಾಗಿ ಹೋಗಲಿಲ್ಲ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಹಲವು ಸಲ ನೋಡಿದ್ದೇನೆ, ಆಗಿಲ್ಲ.

ದೀಪಾವಳಿಯವರೆಗೆ ಮಾವ ಚಾಪೆಯ ಮೇಲೆ ಕೂತರು. ನ್ಯಾಮತಿಯವನಿಗೆ ಸಾಹುಕಾರರು ಬೇರೆ ಮಂಡಿಯಲ್ಲಿ ಕೆಲಸ ಕೊಡಿಸಿದರು. ಚಾಪೆ ಉಳಿಯಿತು. ಹಬ್ಬ ಮುಗಿಸಿ ಮಾವ ಬೆಂಗಳೂರಿಗೆ ಹೋಗಿ ಉಳಿದ ಹದಿನಾರು ಸಲದ ಕರೆಂಟು ಮುಗಿಸಿ ಬಂದರು. ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ, “ಬೈದ್ರು. ಬೈಯೋದು ಅವರ ಕೆಲಸ ಅಲ್ವೇನು” ಎಂದರು. ಚಳಿಗಾಲವೆಲ್ಲ ಚೆನ್ನಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಒಂದು ಚೂರು ಕಬ್ಬನ್ನು ಬಲಗಡೆಯ ಹಲ್ಲಿನಲ್ಲಿ ಜಗಿದು ತೋರಿಸಿದರು.

ಮಾಘದಲ್ಲಿ ಕಿವಿಯ ಕೆಳಗೆ ಒಂದು ಗಂಟು ಕಂಡಿತು. ನಾನು ಮತ್ತೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ಆ ದಿನ ಡಾಕ್ಟರು ಮಾವನನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡು ಮಾತಾಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಇನ್ನು ಕರೆಂಟು ಕೊಡಲು ಬರುವುದಿಲ್ಲ, ಆ ಚರ್ಮ ತಡೆಯುವುದಿಲ್ಲ ಎಂದು ಆಮೇಲೆ ನನಗೆ ನರ್ಸು ಹೇಳಿದರು. ವಾಪಸ್ ಬರುವಾಗ ತುಮಕೂರು ದಾಟುವವರೆಗೆ ಮಾವ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ, ಬೇರೆ ಯಾರದೋ ವಿಷಯದಂತೆ, ಕೇಳಿದರು:

“ಬಿಟ್ಟ ದಿನಗಳಾಗೆ ಅದು ಬೆಳೀತಂತೆ. ಕೊಟ್ಟಿದ್ದರಾಗೆ ಸತ್ತಷ್ಟು ಹೊಸಾವು ಹುಟ್ಟಿದ್ವಂತೆ. ನಿನ್ನ ಲೆಕ್ಕದಾಗೆ ಬೆಳೆಯೋದು ಹಾಕಿದ್ದೇನು?”

ಎರಡು ವರ್ಷ ದಿನಾ ನೋಡಿದ ಸಾಲು ಅದು. ಈಗ ಓದಿದಂತಾಯಿತು. ಉಪವಾಸ ಕೆಡವಿದ ಯೀಸ್ಟ್ ಬೆಳೆಯುವುದಿಲ್ಲ. ಮಾವ ಉಪವಾಸ ಇರಲಿಲ್ಲ, ಅವರಿಗೆ ಅತ್ತೆ ಸಾರು ಮಾಡಿ ಹಾಕುತ್ತಿದ್ದರು.

“ಇಲ್ಲ ಮಾವ. ಹಾಕಿರಲಿಲ್ಲ.”

ಅವರು ತಲೆ ಅಲ್ಲಾಡಿಸಿದರು. ನಾನು ಏನೇನೋ ಹೇಳಲು ಹೊರಟೆ. ಅವರು ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

“ಹಾಕು” ಎಂದರು.

ಹಾಕಲು ಕೂತೆ. ಕೋಶ ಒಡೆದು ಎರಡಾಗುವುದನ್ನು ಲೆಕ್ಕಕ್ಕೆ ತರುವುದು ಎರಡು ಕಾರ್ಡಿನ ಕೆಲಸವಲ್ಲ. ಪ್ರೋಗ್ರಾಂ ಅರ್ಧಕ್ಕರ್ಧ ಬದಲಾಗಬೇಕು. ಬೇಸಿಗೆ ರಜೆ ಪೂರ್ತಿ ಅದರಲ್ಲೇ ಹೋಯಿತು. ಬಿಳಿಚೋಡಿನಿಂದ ಅವ್ವ ಬಂದು ತನ್ನ ಅಣ್ಣನ ತಲೆದಿಂಬಿನ ಬಳಿ ಕೂತಳು. ನಾನು ಜಗುಲಿಯಲ್ಲಿ ಚೌಕುಳಿ ಹಾಳೆ ತುಂಬಿಸುತ್ತಿದ್ದೆ. ಬಾಯಿಂದ ಮಾತು ಬಾರದಾದ ಮೇಲೆ ಮಾವ ಒಳಗಿಂದ ಕೈ ಆಡಿಸಿ, ಎಲ್ಲಿಗೆ ಬಂತು ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ನಾನು ಇನ್ನು ಸ್ವಲ್ಪ ಎಂದು ಬೆರಳಲ್ಲಿ ತೋರಿಸುತ್ತಿದ್ದೆ. ಮುಂಗಾರು ಹಿಡಿದ ವಾರದಲ್ಲಿ ಒಂದು ಬೆಳಿಗ್ಗೆ ತೀರಿಕೊಂಡರು. ಮಂಡಿಗಳು ಅರ್ಧ ದಿನ ಬಾಗಿಲು ಹಾಕಿದವು. ನ್ಯಾಮತಿಯವನೂ ಬಂದು ಹೆಗಲು ಕೊಟ್ಟ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಕಂಡಕ್ಟರ್ ಕಾಗದದ ಕಟ್ಟು ತಂದ. ಈ ಸಲ ಎರಡು ಸಂಖ್ಯೆ ಒಂದೇ ಆಗಿರಲಿಲ್ಲ, ಹತ್ತಿರವೂ ಇರಲಿಲ್ಲ. ಬಿಡದೆ ಮುಗಿಸಿದ್ದರೂ ಅದು ತಿರುಗಿ ಬರಬಹುದಿತ್ತು, ಲೆಕ್ಕ ಹೇಳುವುದು ಸಾಧ್ಯತೆಯನ್ನು ಮಾತ್ರ, ಒಬ್ಬ ಮನುಷ್ಯನ ಹಣೆಬರಹವನ್ನಲ್ಲ ಎಂದು ವಿದ್ಯಾರ್ಥಿಗಳಿಗೆ ಈ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೂ ಹೌದು. ಮುಂದೆ ಅದೇ ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯವಾಯಿತು. ಬೆಳವಣಿಗೆಯನ್ನು ಸೇರಿಸಬೇಕೆಂದು ನಿಮಗೆ ಹೊಳೆದದ್ದು ಹೇಗೆ ಎಂದು ಪರೀಕ್ಷಕರು ಕೇಳಿದರು. ಪ್ರಬಂಧ ಪರಿಪೂರ್ಣವಾಗಲಿ ಎಂದು, ಎಂದೆ.

ಅತ್ತೆ ಅದುವರೆಗೆ ನನ್ನ ಕಾಗದಗಳ ಬಗ್ಗೆ ಒಂದು ಮಾತು ಕೇಳಿದವರಲ್ಲ. ಆ ದಿನ ಕಟ್ಟು ನೋಡಿ ಅಡುಗೆಮನೆಯಿಂದ ಹೊರಗೆ ಬಂದರು.

“ಈಗ ಏನು ಬಂತು ಲೆಕ್ಕ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನಿಲ್ಲಿಸಬಾರದಿತ್ತು ಅಂತ ಬಂದೈತೆ ಅತ್ತೆ. ನಾನು ಹೇಳಿದ್ದು ತಪ್ಪು.”

ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ಅದನ್ನ ಆ ಡಾಕ್ಟ್ರಿಗೆ ಕಳಿಸು” ಎಂದರು. “ಇನ್ನೊಬ್ರು ಯಾರಾದ್ರೂ ಕೇಳಿದ್ರೆ ಅವರಿಗೆ ಹೇಳಾಕೆ ಬರ್ತೈತೆ.”

ಅವರು ಹೇಳಿದ್ದಕ್ಕೆ ಒಂದು ಪತ್ರ ಬರೆದು, ಮುಖ್ಯವಾದ ಹಾಳೆಯ ನಕಲು ಲಗತ್ತಿಸಿ ಕಳಿಸಿದೆ. ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಶ್ರಾವಣದಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಬಂತು, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಆ ಮನೆಗೆ ಬಂದ ಪತ್ರಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವವನು ನಾನೇ. ಅತ್ತೆ ಎದುರಿಗೆ ಕಂಬಕ್ಕೆ ಒರಗಿ ಕೂತರು.

ಹಾಲೇಶಪ್ಪನವರು ಹೋದದ್ದು ತಿಳಿದು ದುಃಖವಾಯಿತು, ಅವರಷ್ಟು ಧೈರ್ಯದ ರೋಗಿಗಳು ಕಡಿಮೆ ಎಂದು ಬರೆದಿದ್ದರು. ಅದನ್ನು ಓದಿದೆ. ನಿಮ್ಮ ಲೆಕ್ಕ ಸರಿಯಾಗಿದೆ, ರೋಗಿಗಳನ್ನು ನೋಡಿ ನೋಡಿ ನಮಗೆ ಗೊತ್ತಾಗಿದ್ದನ್ನೇ ಅದೂ ಹೇಳುತ್ತದೆ, ಕೆಲಸ ಮುಂದುವರಿಸಿ ಎಂದು ಬರೆದಿದ್ದರು. ಅದನ್ನೂ ಓದಿದೆ. ಅತ್ತೆ ಕಣ್ಣೊರೆಸಿಕೊಂಡು, “ಒಳ್ಳೆ ಮನುಷ್ಯ. ಮತ್ತೇನು ಬರ್ದಾರೆ?” ಎಂದು ಕೇಳಿದರು.

“ಅಷ್ಟೇ” ಎಂದೆ. ಅತ್ತೆ ಇಂದು ಇಲ್ಲ. ಕೊನೆಯಲ್ಲಿ ಇನ್ನೊಂದು ಸಾಲಿತ್ತು:

“ದಸರೆಗೆ ಊರಿಗೆ ಹೊರಟ ದಿನವೇ ಅವರು, ಸುಗ್ಗಿಗೆ ಮಂಡಿಯಲ್ಲಿ ಕೂರಬೇಕೆಂದು, ದೀಪಾವಳಿಯವರೆಗೆ ಬಿಡುವು ಕೇಳಿದ್ದರು, ಒಂದು ದಿನವೂ ಹೆಚ್ಚು ಬಿಡಬಾರದೆಂದು ನಾನು ಹೇಳಿದ್ದೆ, ಅದಕ್ಕೆ ಅವರು, ನಮ್ಮ ಮನೆಯಲ್ಲೇ ಇದನ್ನು ಓದಿದವನೊಬ್ಬ ಇದ್ದಾನೆ, ಅವನು ಬೇಡವೆಂದರೆ ಮಾತ್ರ ವಾಪಸ್ ಬರುತ್ತೇನೆ ಎಂದು ಹೇಳಿ ಹೋದರು.”